ಗುಡ್ಡದ ಬಳ್ಳಿ ಯಾರ ಮನೆಯದು

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಂತೆ ಇರಲಿಲ್ಲ. ಅದನ್ನು ಉದ್ದ ಬಿಟ್ಟು, ತುದಿಯನ್ನು ಓರೆಯಾಗಿ ಮಸೆದು, ಚಾಕುವಿನ ಹಾಗೆ ಇಟ್ಟುಕೊಂಡಿದ್ದರು. ಹೂವು, ಮೊಗ್ಗು, ಎಳೆಗಾಯಿ ಏನು ಕೈಗೆ ಬಂದರೂ ಆ ಉಗುರಿನಿಂದಲೇ ಸೀಳಿ ನೋಡುತ್ತಿದ್ದರು. ವರ್ಷಗಟ್ಟಲೆ ಬಳ್ಳಿಗಳ ರಸ ಹೀರಿ ಅದು ಹಸಿರೂ ಅಲ್ಲದ ಕಪ್ಪೂ ಅಲ್ಲದ ಒಂದು ಬಣ್ಣಕ್ಕೆ ಬಂದಿತ್ತು. ಊಟಕ್ಕೆ ಕೂತಾಗ ಅತ್ತೆಯವರು ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಆ ಉಗುರನ್ನು.

"ತಿಕ್ಕಿ ತೊಳಕೊಂಡ್ ಬರ್ರಿ."

"ತೊಳದೇನಿ. ಇದು ಹೋಗೂದಲ್ಲ," ಎಂದು ಮಾವನವರು ಉಗುರನ್ನು ಬೆಳಕಿಗೆ ಹಿಡಿದು ತಾವೂ ಒಮ್ಮೆ ನೋಡಿ, ತೃಪ್ತಿಯಿಂದ ಅನ್ನಕ್ಕೆ ಕೈ ಹಾಕುತ್ತಿದ್ದರು.

ಅವರು ಧಾರವಾಡದ ಕಡೆಯವರು. ಪುಣೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಇಂಗ್ಲಿಷರ ಆಳಿಕೆಯ ಕಾಲ. ನನ್ನ ಗಂಡನಿಗೆ ರೈಲ್ವೆಯ ನೌಕರಿ, ಮನೆಯಲ್ಲಿದ್ದದ್ದೇ ಕಡಿಮೆ. ನಾವು ಇದ್ದದ್ದು ಪೇಟೆಯೊಳಗಿನ ಹಳೆಯ ವಾಡೆಯಲ್ಲಿ. ನಡುವೆ ಅಂಗಳ, ಸುತ್ತ ಬಿಡಾರಗಳು, ಹಿಂದೆ ಎಲ್ಲರಿಗೂ ಸೇರಿದ ಹಿತ್ತಿಲು. ಎಲ್ಲರಿಗೂ ಸೇರಿದ್ದು ಎಂಬುದು ಹೆಸರಿಗೆ ಮಾತ್ರ. ಮಾವನವರು ಅಲ್ಲಿ ಸೌತೆ, ಹೀರೆ, ಹಾಗಲ, ಸೋರೆ, ಪಡವಲ, ತೊಂಡೆ, ಕುಂಬಳ ಎಂದು ಒಂದೇ ಕುಟುಂಬದ ಬಳ್ಳಿಗಳನ್ನೆಲ್ಲ ಹಬ್ಬಿಸಿ, ಬಟ್ಟೆ ಒಣಹಾಕುವ ಹಗ್ಗವನ್ನೂ ಬಿಟ್ಟಿರಲಿಲ್ಲ. ವಾಡೆಯ ಹೆಂಗಸರ ಸೀರೆಗಳು ಮಾಳಿಗೆಯ ಮೇಲೆ ಒಣಗುತ್ತಿದ್ದವು.

ನಾನು ಬೆಳೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ. ಹೊದಿಕೆಯ ಮಡಿಕೆ ನೇರವಾಗಿರದಿದ್ದರೆ ಬಿಚ್ಚಿ ಮತ್ತೆ ಮಡಿಸಬೇಕಿತ್ತು. ಈ ವಯಸ್ಸಿನಲ್ಲೂ ನಾನು ಹಾಗೆಯೇ ಮಡಿಸುತ್ತೇನೆ. ಸೊಸೆಯಾಗಿ ಬಂದ ವಾರದಲ್ಲೇ ಅಡಿಗೆಮನೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸಲು ಹೋದೆ. ಸಕ್ಕರೆಯ ಡಬ್ಬಿಯಲ್ಲಿ ಹಾಗಲದ ಬೀಜ, ಕಡಲೆಬೇಳೆಯದರಲ್ಲಿ ಕುಂಬಳದ ಬೀಜ. ಅತ್ತೆಯವರನ್ನು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಸಕ್ರಿ ಅವರ ಮೇಜಿನ ಖಾನ್ಯಾಗ ಇರಬೇಕು, ನೋಡವಾ," ಎಂದರು. ನೋಡಿದೆ, ಇತ್ತು.

ನನ್ನನ್ನು ನೋಡಲು ಬಂದಾಗಲೇ ಅವರ ಪರಿಚಯ ನನಗೆ ಸಾಕಷ್ಟು ಆಗಿತ್ತು. ಉಳಿದವರು ಹಾಡು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ಮಾವನವರು ಮಾತ್ರ ನನ್ನ ಕಿವಿಯನ್ನು ನೋಡಿದರು, ಮೂಲೆಯಲ್ಲಿ ಕೂತ ನನ್ನ ಸೋದರಮಾವನ ಕಿವಿಯನ್ನು ನೋಡಿದರು, ಮತ್ತೆ ನನ್ನದಕ್ಕೆ ಬಂದರು. "ಹುಡಿಗಿ ಪೂರಾ ತಾಯಿ ಕಡೆ," ಎಂದು ಯಾರಿಗೂ ಅಲ್ಲದೆ ಹೇಳಿ ಅವಲಕ್ಕಿ ತಿಂದರು. ಹುಡುಗಿಯಲ್ಲಿ ಏನು ಕೊರತೆ ಕಂಡಿತೋ ಎಂದು ನಮ್ಮ ಅಪ್ಪ ಆ ದಿನವೆಲ್ಲ ಚಿಂತೆ ಮಾಡಿದರು.

ಅವರಿಗೆ ಒಂದು ಮಾತಿತ್ತು: ಪಗಡಿ ನೋಡಬ್ಯಾಡ, ಕಿವಿ ನೋಡು. ಪಗಡಿ ಪೇಟೆಯಲ್ಲಿ ಸಿಗುತ್ತದೆ, ಕಿವಿ ಅಜ್ಜನಿಂದ ಬರಬೇಕು. ಒಮ್ಮೆ ಯುಗಾದಿಯ ಹೊತ್ತಿಗೆ ಗದಗಿನ ಕಡೆಯಿಂದ ದೂರದ ನೆಂಟನೆಂದು ಹೇಳಿಕೊಂಡು ಒಬ್ಬರು ಬಂದರು. ನಮ್ಮ ಕಡೆಯ ರುಮಾಲು, ನಮ್ಮ ಕಡೆಯ ಮಾತು, ಸತ್ತವರ ಇದ್ದವರ ಹೆಸರೆಲ್ಲ ಬಾಯಲ್ಲಿ. ಅವರು ಬಚ್ಚಲಿಗೆ ಹೋದಾಗ ಮಾವನವರು ಮೆಲ್ಲಗೆ, "ಇವರು ನಮ್ಮವರಲ್ಲ. ಕಿವಿ ಕೂಡೂದಿಲ್ಲ, ಮೂಗಿನ ಬುಡ ಕೂಡೂದಿಲ್ಲ, ಹಣೀನೂ ಕೂಡೂದಿಲ್ಲ," ಎಂದರು.

"ಹಂಗಾರ ಕಳಸ್ರಿ," ಎಂದರು ಅತ್ತೆಯವರು.

"ಯಾಕ? ಉಣ್ಣಲಿ. ಬಂಧು ಅಲ್ಲ ಅಂದೆ, ಹಸಿವಿಲ್ಲ ಅಂದೆನೇನು?"

ಆ ಮನುಷ್ಯ ಗೌರಿ ಹಬ್ಬದವರೆಗೂ ಇದ್ದು ಹೋದರು.

ನನಗೆ ಪಾಠ ಶುರುವಾದದ್ದು ತರಕಾರಿ ಬುಟ್ಟಿಯಿಂದ. ಬುಟ್ಟಿ ತಂದು ನನ್ನ ಮುಂದೆ ಸುರುವಿ, "ಯಾರು ಯಾರಿಗೆ ಅಣ್ಣತಮ್ಮ, ಕೂಡಿಸಿಡವಾ," ಎಂದರು. ನಾನು ಶಿಸ್ತಾಗಿ ಉದ್ದನೆಯವು ಒಂದು ಕಡೆ, ಗುಂಡಗಿನವು ಒಂದು ಕಡೆ, ಮೈ ಒರಟಾದವು ಇನ್ನೊಂದು ಕಡೆ ಇಟ್ಟೆ. ಅವರು ನನ್ನ ಸಾಲುಗಳನ್ನು ನೋಡಿ ಮೆಚ್ಚಿಕೊಂಡರು. "ಭಾಳ ನೀಟಾಗಿ ತಪ್ಪು ಮಾಡೀದಿ," ಎಂದರು.

ಆಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೇಳಿದರು. ಲಕ್ಷಾಂತರ ವರ್ಷಗಳ ಹಿಂದೆ ಇವೆಲ್ಲಕ್ಕೂ ಒಂದು ಮೂಲ ಬಳ್ಳಿ ಇತ್ತು. ಅದರ ಸಂತಾನ ದೇಶ ದೇಶಕ್ಕೆ ಹರಡಿ ಬೇರೆ ಬೇರೆ ಮನೆಗಳಾದವು. ಯಾರು ಯಾರಿಂದ ಮೊದಲು ಬೇರೆಯಾದರು, ಯಾರು ಆಮೇಲೆ, ಎಂದು ಹೇಳುವ ಹಿರಿಯರು ಯಾರೂ ಉಳಿದಿಲ್ಲ. ಮೈಮೇಲಿನ ಗುರುತು ನೋಡಿಯೇ ಹೇಳಬೇಕು. "ಕಾಯಿ ಉದ್ದ, ಗಿಡ್ಡ, ಮುಳ್ಳು, ನುಣುಪು, ಇವೆಲ್ಲಾ ಪಗಡಿ. ದನ ಬಾಯಿ ಹಾಕತಾವ ಅಂದ್ರ ಯಾವ ಮನಿಯವರ ಬೇಕಾದ್ರೂ ಮುಳ್ಳು ಸುತ್ತಿಕೋತಾರ. ಹಬ್ಬಲಿಕ್ಕೆ ಚಾಚೋ ತಂತು ಒಂಟಿ ಅದನೋ ಕವಲು ಅದನೋ, ಪರಾಗದ ಚೀಲ ಹೆಂಗ ಮಡಚ್ಯಾವ, ಬೀಜ ಯಾವ ಬಾಗಲದಿಂದ ಹೊರಗ ಬರತಾವ, ಇವು ಕಿವಿ. ಒಂದ ಕಿವಿ ನೋಡಿ ನಂಬಬಾರದು. ನಾಕೈದು ಗುರುತು ಒಂದೇ ಮಾತು ಹೇಳಿದ್ರ ಆಗ ನಂಬಬೇಕು."

ನನಗೆ ಇದು ಹಿಡಿಸಿತು. ಕ್ರಮವಿಲ್ಲದ ಮನೆ ಎಂದುಕೊಂಡಿದ್ದೆ. ಇಲ್ಲಿ ಲಕ್ಷಾಂತರ ವರ್ಷಗಳ ಕ್ರಮ ಹಿತ್ತಿಲಲ್ಲಿ ಹಬ್ಬಿತ್ತು. ಸಕ್ಕರೆ ಡಬ್ಬಿಯವರೆಗೆ ಅದು ಬಂದಿರಲಿಲ್ಲ, ಅಷ್ಟೇ. ಅಡಿಗೆ ಕೆಲಸ ಮುಗಿದ ಮೇಲೆ ಅವರಿಗಾಗಿ ತಂತುಗಳ ಚಿತ್ರ ಬರೆಯತೊಡಗಿದೆ.

ಕಾಲೇಜಿನ ಹಿಂದೆ ಒಂದು ತುಂಡು ನೆಲ ಖಾಲಿ ಬಿದ್ದಿತ್ತು. ಅದು ಸಸ್ಯಶಾಸ್ತ್ರಕ್ಕೆ ಬೇಕು ಎಂಬುದು ಮಾವನವರ ಜೀವಮಾನದ ಆಸೆ. ಒಣಗಿಸಿ ಹಾಳೆಗೆ ಅಂಟಿಸಿದ ಎಲೆ ತೋರಿಸಿ ಪಾಠ ಹೇಳುವುದು ಅವರಿಗೆ ಹೆಣದ ಮುಂದೆ ನಿಂತು ನೆಂಟಸ್ತಿಕೆ ವಿವರಿಸಿದಂತೆ ಅನಿಸುತ್ತಿತ್ತು. ಹುಡುಗರು ಜೀವಂತ ಬಳ್ಳಿಯ ಕೆಳಗೆ ನಿಂತು ಕಲಿಯಬೇಕು. ಆದರೆ ಅದೇ ನೆಲದ ಮೇಲೆ ಟೆನ್ನಿಸ್ ಅಂಗಳ ಮಾಡಬೇಕೆಂದು ಇನ್ನೊಂದು ಗುಂಪು ಹಟ ಹಿಡಿದಿತ್ತು. ಆ ಗುಂಪಿನ ಮುಖ್ಯಸ್ಥರು ಗಣಿತದ ಪ್ರೊಫೆಸರರು. ಬೆಳಗಾವಿಯ ಕಡೆಯವರು, ನಮ್ಮ ವಾಡೆಯಲ್ಲೇ ಎದುರು ಬಿಡಾರದಲ್ಲಿದ್ದರು. ದೊಡ್ಡ ದೇಹ, ಊಟದಲ್ಲಿ ಆಸಕ್ತಿ, ಮಾತಿನಲ್ಲಿ ಅದಕ್ಕಿಂತ ಹೆಚ್ಚು.

"ಹೀರಿಕಾಯಿ ಅಂದ್ರ ಹೀರಿಕಾಯಿ, ಹಾಗಲಕಾಯಿ ಅಂದ್ರ ಹಾಗಲಕಾಯಿ," ಎಂದು ಅವರು ಕಾಲೇಜಿನ ಸಭೆಯಲ್ಲಿ ಹೇಳಿದ್ದರಂತೆ. "ಕಣ್ಣಿದ್ದವರಿಗೆ ನೋಡಿದ ಕೂಡಲೆ ಗೊತ್ತಾಗತದ. ಮಂಡಿಯೊಳಗ ಕಾಯಿಪಲ್ಲೆ ತರೋ ನನಗೂ ಗೊತ್ತದ. ಇದಕ್ಕ ನೆಲ ಯಾಕ್ರಿ ರಾಯರ?"

ಮಾವನವರು, "ನೋಡಿದ ಕೂಡಲೆ ನೀವು ತಪ್ಪು ಹೇಳೋ ಕಾಯಿ ಒಂದು ತಂದು ಮುಂದ ಇಡತೇನಿ, ಅದು ಖರೆ ಯಾರ ಮನಿದು ಅಂತನೂ ತೋರಸ್ತೇನಿ," ಎಂದರು. ಪ್ರಿನ್ಸಿಪಾಲರಿಗೆ ಜಗಳ ಕೇಳಿ ಸಾಕಾಗಿತ್ತು. ಪಿತೃಪಕ್ಷ ಮುಗಿದ ಮೇಲಿನ ಸಭೆಯಲ್ಲಿ ತೋರಿಸಿ, ತೋರಿಸಿದರೆ ನೆಲ ನಿಮ್ಮದು, ಇಲ್ಲದಿದ್ದರೆ ಟೆನ್ನಿಸಿಗೆ, ಎಂದುಬಿಟ್ಟರು.

ಆ ಕಾಯಿ ನಮ್ಮ ಹಿತ್ತಿಲಲ್ಲೇ ಇತ್ತು. ಪುಣೆಯ ಹೊರಗಿನ ಗುಡ್ಡದಿಂದ ತಂದು ಹಚ್ಚಿದ ಬಳ್ಳಿ. ನಾವು ಅದನ್ನು ಗುಡ್ಡದ ಬಳ್ಳಿ ಎಂದೇ ಕರೆಯುತ್ತಿದ್ದೆವು. ಅದರ ಕಾಯಿ ಸಣ್ಣದು, ಮೈತುಂಬ ಮೆತ್ತನೆಯ ಮುಳ್ಳು. ನಮ್ಮ ಕಡೆ ಮಡಹಾಗಲ ಎನ್ನುವ, ಪುಣೆಯಲ್ಲಿ ಕರ್ಟೋಲಿ ಎನ್ನುವ ಮಳೆಗಾಲದ ರುಚಿಯಾದ ಕಾಯಿಯ ಹಾಗೆಯೇ ಕಾಣುತ್ತಿತ್ತು. ಕರ್ಟೋಲಿ ಹಾಗಲದ ಮನೆಯದು. ಆದರೆ ಗುಡ್ಡದ ಬಳ್ಳಿ ಹೀರೆಯ ಮನೆಯದು ಎಂದು ಮಾವನವರು ಹೇಳುತ್ತಿದ್ದರು. ಕರ್ಟೋಲಿಯ ತಂತು ಒಂಟಿ, ಇದರದು ಕವಲು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಎಂದರೆ ಒಣಗಿದ ಮೇಲೆ ಇದರ ತುದಿ ಹೀರೆಯಂತೆಯೇ ಮುಚ್ಚಳವಾಗಿ ಕಳಚಿ ಬೀಳುತ್ತದೆ, ಬೀಜ ಅಲ್ಲಿಂದ ಉದುರುತ್ತದೆ. ಕರ್ಟೋಲಿ ಹಣ್ಣಾಗಿ ಒಡೆದುಕೊಳ್ಳುತ್ತದೆ, ಮುಚ್ಚಳವಿಲ್ಲ. ಸಭೆಗೆ ಬೇಕಾದದ್ದು ಒಣಗಿದ ಕಾಯಿ. ಆ ವರ್ಷ ಬಳ್ಳಿ ಕೊಟ್ಟದ್ದೇ ಒಂದು ಹಿಡಿ ಕಾಯಿ. ಯಾರೂ ಕೀಳಬಾರದೆಂದು ಅದರ ಎಲ್ಲ ಕಾಯಿಗಳಿಗೂ, ಉಳಿದ ಬಳ್ಳಿಗಳಲ್ಲಿ ಬೀಜಕ್ಕೆ ಬಿಟ್ಟ ಒಂದೊಂದು ಕಾಯಿಗೂ ಅವರು ದಾರ ಕಟ್ಟಿದರು. ಕಟ್ಟಲು ಬೇರೆ ದಾರ ಸಿಗದೆ ಅತ್ತೆಯವರ ಪೂಜೆಯ ಬುಟ್ಟಿಯಿಂದ ಕೆಂಪು ಹಳದಿ ನೂಲು ತೆಗೆದುಕೊಂಡರು.

ಗಣಪತಿ ಬಂದ ಮರುದಿನ ಋಷಿ ಪಂಚಮಿ. ಆ ದಿನ ವ್ರತ ಹಿಡಿದ ಹೆಂಗಸರು ಎತ್ತು ದುಡಿದು ಬೆಳೆದದ್ದನ್ನು ತಿನ್ನುವಂತಿಲ್ಲ. ನೇಗಿಲು ತಾಗದ ನೆಲದಲ್ಲಿ, ಕೈಯಿಂದ ಅಗೆದು ಬೆಳೆದ ಕಾಯಿ, ಸೊಪ್ಪು, ಗೆಡ್ಡೆಗಳನ್ನೆಲ್ಲ ಕೂಡಿಸಿ ಒಂದೇ ಪಲ್ಯ ಮಾಡಿ ಉಣ್ಣಬೇಕು. ಪೇಟೆಯ ಮಧ್ಯದಲ್ಲಿ ಇಂಥ ನೆಲ ಎಲ್ಲಿ ಸಿಗಬೇಕು? ನಮ್ಮ ಹಿತ್ತಿಲಿಗೆ ಎತ್ತು ಬರಲು ಬಾಗಿಲೇ ಇರಲಿಲ್ಲ. ಹಾಗಾಗಿ ಪ್ರತಿ ವರ್ಷ ವಾಡೆಯ ಹೆಂಗಸರು ಅಲ್ಲಿಂದಲೇ ಕೊಯ್ದುಕೊಳ್ಳುತ್ತಿದ್ದರು. ಮಾವನವರು ಅಡ್ಡಿ ಮಾಡುತ್ತಿರಲಿಲ್ಲ; ಯಾವುದನ್ನು ಬಿಡಬೇಕೆಂದು ಮುಂದೆ ನಿಂತು ತೋರಿಸುತ್ತಿದ್ದರು. ಆ ವರ್ಷ ದಾರ ಕಟ್ಟಿದ್ದೇನೆ, ದಾರವೇ ಹೇಳುತ್ತದೆ, ಎಂಬ ಧೈರ್ಯದಿಂದ ಕಾಲೇಜಿನ ಹುಡುಗರನ್ನು ಕರೆದುಕೊಂಡು ಗುಡ್ಡಕ್ಕೆ ಹೋದರು. ಅತ್ತೆಯವರು ಮಡಿಯಲ್ಲಿ ಪೂಜೆಗೆ ಕೂತಿದ್ದರು. ನಾನು ಬಾವಿಯ ಹತ್ತಿರ ಇದ್ದೆ.

ಕೊಯ್ಲಿಗೆ ಮುಂದಾದವರು ಗಣಿತದವರ ಹೆಂಡತಿ. ನಾವು ಅವರನ್ನು ಪುಣೆಯ ರೂಢಿಯಂತೆ ಕಾಕೂ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಕಾಕೂ ದಾರ ನೋಡಿದರು. ಪೂಜೆಯ ನೂಲು, ಪೂಜೆಯ ದಿನ, ಒಂದೊಂದು ಬಳ್ಳಿಯಲ್ಲಿ ಒಳ್ಳೆಯ ಕಾಯಿಗೇ ಕಟ್ಟಿದೆ. ಅವರು ಉಳಿದ ಹೆಂಗಸರಿಗೆ ಹೇಳಿದರು: "ನೋಡ್ರೆವಾ, ರಾಯರು ಎಷ್ಟು ಭಕ್ತಿಯಿಂದ ಋಷಿಗಳಿಗೆ ಅಂತ ತಗದಿಟ್ಟಾರ. ದಾರ ಇಲ್ಲದ್ದು ಮುಟ್ಟಬ್ಯಾಡ್ರಿ."

ಅವರು ದಾರ ಇಲ್ಲದ ಒಂದು ಕಾಯಿಯನ್ನೂ ಮುಟ್ಟಲಿಲ್ಲ. ದಾರ ಇದ್ದ ಒಂದನ್ನೂ ಬಿಡಲಿಲ್ಲ. ಕರ್ಟೋಲಿ ಎಂದುಕೊಂಡ ಮುಳ್ಳುಕಾಯಿ ಕಂಡು ಎಲ್ಲರಿಗೂ ಸಂತೋಷವಾಯಿತು. ಯಾವುದು ಯಾವುದೆಂದು ಗುರುತು ಸಿಗದಷ್ಟು ಸಣ್ಣಗೆ ಹೆಚ್ಚಿ, ಕಲಸಿ, ಎಲ್ಲ ಮನೆಗಳಿಗೂ ಪಾಲು ಹಂಚಿದರು. ನಮ್ಮ ಮನೆಗೂ ಬಂತು.

ಗುಡ್ಡದ ಬಳ್ಳಿಯ ಕಾಯಿ ಎಷ್ಟು ಕಹಿ ಎಂದು ಹೇಳಲು ನನಗೆ ಮಾತು ಸಾಲದು. ನಾಲಿಗೆಗೆ ತಾಗಿದರೆ ಕಿವಿಯವರೆಗೂ ಏರುತ್ತಿತ್ತು. ಅತ್ತೆಯವರು ಒಂದು ತುತ್ತು ಬಾಯಿಗಿಟ್ಟು, ನೀರಿಗೆ ಕೈ ಚಾಚಿ, ಹಿಂದೆ ಎಳೆದುಕೊಂಡರು. ಕಹಿಯಾಗಿದೆ ಎಂದರೆ ತಮ್ಮ ಕೈಯ ಅಡಿಗೆಗೆ ಕೆಟ್ಟ ಹೆಸರು. ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಎಲ್ಲ ಬಿಡಾರಗಳಲ್ಲೂ ಇದೇ ಆಗಿತ್ತೆಂದು ಕಾಣುತ್ತದೆ. ಮಧ್ಯಾಹ್ನ ವಾಡೆಯಲ್ಲಿ ಎಂದೂ ಇಲ್ಲದ ಶಾಂತಿ. ಒಬ್ಬರೂ ಇನ್ನೊಬ್ಬರ ಮನೆಗೆ ಹೋಗಿ, "ನಿಮ್ಮ ಭಾಜಿ ಹೆಂಗಾಗಿತ್ರಿ," ಎಂದು ಕೇಳಲಿಲ್ಲ.

ಸಂಜೆ ಮಾವನವರು ಬಂದು ನೇರ ಹಿತ್ತಿಲಿಗೆ ಹೋದರು. ಬಳ್ಳಿಗಳನ್ನು ಒಂದೊಂದಾಗಿ ತಡವಿ ನೋಡಿದರು. ಆಮೇಲೆ ಒಳಗೆ ಬಂದು, ಸಿಟ್ಟಿಲ್ಲದ ದನಿಯಲ್ಲಿ, "ಮುಳ್ಳುಕಾಯಿ ಯಾರ ಮನ್ಯಾಗ ಆದ್ವು?" ಎಂದು ಕೇಳಿದರು.

"ಎಲ್ಲಾರ ಮನ್ಯಾಗೂ," ಎಂದರು ಅತ್ತೆಯವರು.

ಅವರು ಒಂದು ತಾಟು ಹಿಡಿದು ಬಿಡಾರದಿಂದ ಬಿಡಾರಕ್ಕೆ ಹೋದರು. ಕಾಯಿಯ ತುದಿ ಎಲ್ಲಾದರೂ ಉಳಿದಿದೆಯೇ ಎಂಬುದು ಅವರ ಚಿಂತೆ. ಕೇಳಿದ ರೀತಿ ಮಾತ್ರ ತಪ್ಪಿತು. "ನಿಮ್ಮ ಭಾಜಿ ಕಹಿ ಆಗಿತ್ತೇನ್ರಿ?" ಎಂದರೆ ಯಾವ ಹೆಂಗಸು ಹೌದು ಎನ್ನುತ್ತಾಳೆ? ಇಡೀ ವಾಡೆ, ಅಮೃತದಂತಿತ್ತು ಎಂದಿತು. ಕಾಕೂ ಅಂತೂ, "ನಮ್ಮವರು ಮತ್ತ ಹಾಕಿಸಿಕೊಂಡ್ರು," ಎಂದರು. ಅದು ನಿಜವೇ ಆಗಿತ್ತು. ಗಣಿತದವರು ಕಾಕೂ ಬುಟ್ಟಿಯಲ್ಲೇ ನೋಡಿ ಕರ್ಟೋಲಿ ಎಂದು ಗುರುತು ಹಿಡಿದು ಊಟಕ್ಕೆ ಕೂತವರು. ಮೊದಲ ತುತ್ತಿಗೇ ತಪ್ಪು ತಿಳಿದರೂ ಸೋಲಲು ಮನಸ್ಸಾಗದೆ ಮತ್ತೆ ಹಾಕಿಸಿಕೊಂಡು ತಿಂದಿದ್ದರು. ಆ ಕಾಯಿಗೆ ಹೊಟ್ಟೆ ತೊಳೆಯುವ ಗುಣವೂ ಉಂಟು. ಮುಂದೆ ಕೆಲವು ದಿನ ಅವರು ತಂಬಿಗೆಯನ್ನು ಬಿಟ್ಟು ದೂರ ಹೋಗಲಿಲ್ಲ. ಕಾಲೇಜಿನಲ್ಲಿ ಬೀಜಗಣಿತ ನಿಂತಿತು.

ಕಡೆಗೆ ತುದಿಗಳು ಸಿಕ್ಕಿದ್ದು ವಾಡೆಯ ಮುಂಬಾಗಿಲಲ್ಲಿ ಕಟ್ಟುತ್ತಿದ್ದ ಆಕಳ ಮುಂದಿನ ಬುಟ್ಟಿಯಲ್ಲಿ. ಬೇರೆ ಸಿಪ್ಪೆಗಳನ್ನೆಲ್ಲ ತಿಂದು ಆಕಳು ಇವನ್ನು ಮೂಸಿ ಬಿಟ್ಟಿತ್ತು. ಮಾವನವರು ಅವನ್ನು ತೊಳೆದು ಉಗುರಿನಿಂದ ಬಿಡಿಸಿ ನೋಡಿದರು. ಎಳೆಯವು, ಮುಚ್ಚಳ ಇನ್ನೂ ಮೂಡಿರಲಿಲ್ಲ. "ಗುಡ್ಡದಾಗಿನ ಬಳ್ಳಿ ಇನ್ನ ಹೂವಿನಾಗ ಅದ. ಇಲ್ಲಿ ಹೊಸ ಕಾಯಿ ಬಿಟ್ಟು ಒಣಗೂದು ಥಂಡಿಯೊಳಗ," ಎಂದರು. ಸಭೆ ಅದಕ್ಕಿಂತ ಮುಂಚೆ ಇತ್ತು.

ಸಭೆಯಲ್ಲಿ ಏನಾಯಿತೆಂದು ನಮಗೆ ಹೇಳಿದವರು ಗಣಿತದವರೇ. ಅಂಗಳದಲ್ಲಿ ನಿಂತು, ನಂಬಲಾಗದವರ ಹಾಗೆ ಹೇಳಿದರು. ಋಷಿ ಪಂಚಮಿಯ ಸುದ್ದಿ ಪ್ರಿನ್ಸಿಪಾಲರ ಕಿವಿಗೂ ಬಿದ್ದಿತ್ತು. ಅವರು ನಗುತ್ತ, "ಕಣ್ಣಿದ್ದವರಿಗೆ ನೋಡಿದ ಕೂಡಲೆ ಗೊತ್ತಾಗುತ್ತದೆ ಎಂದವರು ನೋಡಿದ್ದಲ್ಲದೆ ಉಂಡೂ ಬಿಟ್ಟಿದ್ದಾರೆ. ಇನ್ನು ಸಾಕ್ಷಿ ಏಕೆ? ನೆಲ ಸಸ್ಯಶಾಸ್ತ್ರಕ್ಕೆ," ಎಂದರು. ಎಲ್ಲರೂ ಮೇಜು ತಟ್ಟಿದರು. ಆಗ ಮಾವನವರು ಎದ್ದು ನಿಂತರು.

"ಎದ್ದು ಏನಂದ್ರು ಗೊತ್ತೇನ್ರಿ?" ಎಂದರು ಗಣಿತದವರು ನಮ್ಮ ಅತ್ತೆಯವರಿಗೆ. "ಕಹಿ ಸಾಕ್ಷಿ ಅಲ್ಲ ಅಂದ್ರು. ಹಾಗಲ ಕಹಿ, ಕಾಡು ಹೀರಿ ಕಹಿ, ಕಾಡು ಪಡವಲ ಕಹಿ, ಕಹಿಯಿಂದ ಯಾರು ಯಾರ ಮನಿಯವರು ಅಂತ ತಿಳಿಯೂದಿಲ್ಲ ಅಂದ್ರು. ಇವರು ಉಂಡದ್ದರಿಂದ ಅದು ಕರ್ಟೋಲಿ ಅಲ್ಲ ಅಂತ ಗೊತ್ತಾತು, ಹೀರಿ ಮನಿದು ಅಂತ ಗೊತ್ತಾಗಲಿಲ್ಲ. ನಾ ತೋರಸ್ತೇನಿ ಅಂದದ್ದು ಯಾರ ಮನಿದು ಅಂತ, ಅದಕ್ಕ ಮುಚ್ಚಳ ಬೇಕು. ಮುಚ್ಚಳ ನನ್ನ ಕಡೆ ಇಲ್ಲ. ಹಿಂಗಂದು ಕೂತುಬಿಟ್ರು."

ಅತ್ತೆಯವರು ಒಳಗಿದ್ದ ಮಾವನವರ ಕಡೆ ತಿರುಗಿದರು. "ಕೈಗೆ ಬಂದ ನೆಲ ಬಿಟ್ಟು ಬಂದ್ರೇನು?"

"ಬಂದಿರಲಿಲ್ಲ ಅದು," ಎಂದರು ಮಾವನವರು. ಆ ರಾತ್ರಿ ಊಟದಲ್ಲಿ ಅತ್ತೆಯವರು ಉಗುರಿನ ಮಾತೆತ್ತಲಿಲ್ಲ. ಕೇಳದೆಯೇ ತುಪ್ಪ ಬಡಿಸಿದರು. ಅವರು ತಲೆ ಬಗ್ಗಿಸಿಕೊಂಡು ಉಂಡರು. ಇಪ್ಪತ್ತು ವರ್ಷ ಕಾದ ನೆಲ ಅದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಟೆನ್ನಿಸ್ ಅಂಗಳ ಆಯಿತು. ಮೊದಲ ದಿನದ ಆಟಕ್ಕೆ ಮಾವನವರೂ ಹೋದರು. ಜಗಳಕ್ಕೇ ಬಂದರೆಂದು ಕೆಲವರು ಗಣಿತದವರ ಬೆನ್ನಿಗೆ ಸರಿದು ನಿಂತರಂತೆ. ಇವರು ಆಟ ನೋಡಲಿಲ್ಲ. ಚೆಂಡು ಹೊರಗೆ ಹೋಗದಂತೆ ಸುತ್ತಲೂ ಆಳೆತ್ತರಕ್ಕೆ ಮೀರಿ ಕಟ್ಟಿದ್ದ ತಂತಿಯ ಜಾಲವನ್ನು ನೋಡಿದರು. ಅದರ ಉದ್ದಕ್ಕೂ ನಡೆದರು. ಒಂದು ಕಡೆ ನಿಂತು ಆ ಉಗುರಿನಿಂದ ತಂತಿಯನ್ನು ತಂಬೂರಿಯ ಹಾಗೆ ಮೀಟಿ ನೋಡಿದರು. ಮನೆಗೆ ಬಂದವರು ಗುನುಗುತ್ತಿದ್ದರು.

"ಎಂಥಾ ಹಂದರ ಕಟ್ಯಾರ. ನಾ ಕೇಳಿದ್ರ ಬಿದಿರಿನ ಗಳಾ ಸೈತ ಕೊಡತಿರಲಿಲ್ಲ," ಎಂದರು.

ಜಾಲದ ಹೊರಗೆ ಒಂದು ಗೇಣು ನೆಲ ಸಸ್ಯಶಾಸ್ತ್ರಕ್ಕೆ ಬೇಕೆಂದು ಅವರು ಅರ್ಜಿ ಕೊಟ್ಟರು. ಅದನ್ನು ಸಭೆಯಲ್ಲಿ ಎತ್ತಿ ಹಿಡಿದವರು ಗಣಿತದವರು. ಗೆದ್ದ ಮೇಲೆ ಅವರಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ ಎಂದು ಕಾಕೂ ಹೇಳುತ್ತಿದ್ದರು. ಮುಂದಿನ ಮಳೆಗಾಲದಲ್ಲಿ ನಾಲ್ಕೂ ಕಡೆ ಬಳ್ಳಿ ಏರಿತು. ಹಾಗಲದ ಮನೆ ಪೂರ್ವಕ್ಕೆ, ಹೀರೆಯ ಮನೆ ಪಶ್ಚಿಮಕ್ಕೆ, ಹೀಗೆ ವಂಶದ ಕ್ರಮದಲ್ಲಿ. ಚೆಂಡುಗಳು ಎಲೆಗಳೊಳಗೆ ಕಳೆದುಹೋಗತೊಡಗಿದವು. ಜೋರಾಗಿ ಹೊಡೆದ ಚೆಂಡಿಗೆ ಒಂದು ಸೋರೆಕಾಯಿ ಒಳಗೆ ಬಿದ್ದರೆ ಅಂಕ ಯಾರಿಗೆ ಎಂದು ವಾದ ನಡೆದು, ಕಾಯಿ ಕಾಕೂಗೆ ಎಂದು ತೀರ್ಮಾನವಾಯಿತು.

ಥಂಡಿಯಲ್ಲಿ ಜಾಲದ ಮೇಲಿನ ಗುಡ್ಡದ ಬಳ್ಳಿಯ ಕಾಯಿ ಒಣಗಿತು. ಮಾವನವರು ನಡು ಆಟದಲ್ಲಿ ಗಣಿತದವರನ್ನು ಕರೆದರು. ಅವರು ರಾಕೆಟ್ಟನ್ನು ಬಗಲಿಗಿಟ್ಟು ಬಂದರು. ಅವತ್ತು ಚಿತ್ರ ಬರೆಯಲು ನಾನೂ ಹೋಗಿದ್ದೆ. ಅಂಗೈ ಒಡ್ಡಲು ಹೇಳಿ ಮಾವನವರು ಕಾಯಿಯನ್ನು ಅಲುಗಿಸಿದರು. ತುದಿಯ ಮುಚ್ಚಳ ತಾನಾಗಿ ಕಳಚಿತು, ಕರಿಯ ಬೀಜಗಳು ಗಣಿತದವರ ಕೈಗೆ ಉದುರಿದವು. ಪಕ್ಕದಲ್ಲೇ ಒಣಗಿದ ಹೀರೆಯನ್ನೂ ಹಾಗೇ ಅಲುಗಿಸಿ ತೋರಿಸಿದರು.

"ಈಗ ಹೇಳ್ರಿ, ಯಾರ ಮನಿ?"

ಗಣಿತದವರು ಎರಡು ಮುಚ್ಚಳಗಳನ್ನೂ ಬಹಳ ಹೊತ್ತು ನೋಡಿದರು. ಆಚೆಯಿಂದ ಎದುರಾಳಿ, ಆಟ ಮುಗಿಯಿತೇ ಎಂದು ಕೂಗುತ್ತಿದ್ದರು.

"ಹೀರಿ ಮನಿದು," ಎಂದರು ಗಣಿತದವರು. "ಆದ್ರ ರಾಯರ, ಇಷ್ಟ ತೋರಸಲಿಕ್ಕೆ ನನಗ ಅಷ್ಟು ಉಣಸಬಾರದಿತ್ತು."

ಅವತ್ತಿನಿಂದ ಅವರು ಆಟಕ್ಕಿಂತ ಮುಂಚೆ ಬಂದು ಬಳ್ಳಿ ನೋಡತೊಡಗಿದರು. ಹೀರೆಯ ಹಳದಿ ಹೂ ಸಂಜೆ ಬಿಸಿಲು ತಗ್ಗಿದಾಗ ಅರಳುತ್ತದೆ, ಸೋರೆಯ ಬಿಳಿ ಹೂ ಕತ್ತಲಾಗುವಾಗ. ಇವರಿಬ್ಬರು ಮುದುಕರೂ ಆ ಎರಡರ ನಡುವಿನ ಹೊತ್ತನ್ನು ಅಲ್ಲಿನ ಬೆಂಚಿನ ಮೇಲೆ ಕಳೆಯುತ್ತಿದ್ದರು. ಮಾವನವರಿಗೆ ನಿವೃತ್ತಿಯಾದ ಮೇಲೂ ಅದು ತಪ್ಪಲಿಲ್ಲ.

ನಾನು ಮುಂದೆ ಹೆಣ್ಣುಮಕ್ಕಳ ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸಿದೆ. ಓದಿಗೆ ಕಳಿಸಿದವರು ಮಾವನವರೇ. ಮನೆಗೆಲಸ ಯಾರು ನೋಡುತ್ತಾರೆ ಎಂದು ನೆಂಟರು ಕೇಳಿದಾಗ, "ನಾ ಡಬ್ಬಿ ಜೋಡಸ್ತೇನಿ," ಎಂದಿದ್ದರು. ಜೋಡಿಸಿದರು ಕೂಡ. ಅದರ ಫಲವನ್ನು ನಾವು ಬಹಳ ದಿನ ಉಂಡೆವು.

ಅವರು ಹೋದದ್ದು ಒಂದು ಭಾದ್ರಪದದಲ್ಲಿ, ಆ ಬೆಂಚಿನ ಮೇಲೆಯೇ, ಮಾತಾಡುತ್ತ ಮಾತಾಡುತ್ತ. ಗಣಿತದವರು ಟಾಂಗಾದಲ್ಲಿ ಮನೆಗೆ ಕರೆತಂದರು. ಭಟ್ಟರು ಬಂದು ತಿಥಿ ನಕ್ಷತ್ರ ನೋಡಬೇಕು, ಜೀವ ಹೋದ ಹೊತ್ತು ಯಾವುದು ಎಂದು ಕೇಳಿದರು. ಅತ್ತೆಯವರು ಗಣಿತದವರ ಕಡೆ ನೋಡಿದರು. ಅವರ ಕೋಟಿನ ಕಿಸೆಯಲ್ಲಿ ಸರಪಳಿ ಹಾಕಿದ ಗಡಿಯಾರ ಇತ್ತು. ಅದಕ್ಕೆ ಅವರು ಕೈ ಹಾಕಲಿಲ್ಲ.

"ಹೀರಿ ಹೂ ಎಲ್ಲಾ ಅರಳಿದ್ದುವು," ಎಂದರು. "ಸೋರಿದು ಇನ್ನೂ ಅರಳಿರಲಿಲ್ಲ."